ಚಿಕ್ಕದೊರೆಯ ಎದೆಯ ಮೇಲೆ ಏಳೆಳೆ ಮುತ್ತು

ಅರಮನೆಯ ಹಿಂದಿನ ಚಿತ್ರಶಾಲೆಯಲ್ಲಿ ಯಾರಿಗೂ ಹೆಸರಿರಲಿಲ್ಲ. ಇದ್ದರೂ ಅದನ್ನು ಹಿಡಿದು ಕರೆಯುವ ಪುರುಸೊತ್ತು ಯಾರಿಗಿತ್ತು? ಮುಖ ಬರೆಯುವವನು ಮುಖದ ಮೇಸ್ತ್ರಿ, ಉಡುಪು ಬರೆಯುವವನು ಬಟ್ಟೆಯವನು, ಚೌಕಟ್ಟು ಕಟ್ಟುವವನು ಚೌಕಟ್ಟಿನವನು. ಆ ಚೌಕಟ್ಟಿನವನ ಹೆಂಡತಿಯೇ ಮುತ್ತಕ್ಕ. ಅವಳ ಕೆಲಸ ಒಂದೇ: ಚಿತ್ರದಲ್ಲಿ ನಿಂತ ದೊಡ್ಡ ಮನುಷ್ಯರ ಕೊರಳಿಗೆ ಮುತ್ತು ಹಾಕುವುದು. ಅವಳ ಕೊರಳಲ್ಲಿ ಒಂದು ಗಾಜಿನ ಮಣಿಯೂ ಇರಲಿಲ್ಲ. ಅದರ ಮಾತೆತ್ತಿದರೆ, "ದಿನಾ ಇನ್ನೂರು ಮುತ್ತು ನನ್ನ ಕೈ ಮೇಲೆ ಹಾದು ಹೋಗ್ತವೆ, ಇನ್ನೇನ್ ಬೇಕು?" ಎಂದು ನಗುತ್ತಿದ್ದಳು.

ಮುತ್ತು ಹಾಕುವುದೆಂದರೆ ಬಿಳಿ ಬಣ್ಣದ ಚುಕ್ಕೆ ಇಡುವುದು ಎಂದುಕೊಂಡವರು ಒಂದು ಸಲ ಅವಳು ಕೂರುತ್ತಿದ್ದ ಹಿಂಜಗಲಿಗೆ ಹೋಗಿ ಆ ಮಾತು ಹೇಳಬೇಕಿತ್ತು. ಹೋದ ದಾರಿಯಲ್ಲೇ ಬೈಗುಳ ತಿಂದು ವಾಪಸು ಬರುತ್ತಿದ್ದರು. ಕಡಲ ಸಿಪ್ಪಿ ಸುಟ್ಟು ನುಣ್ಣಗೆ ಅರೆದ ಬಿಳಿ, ಅದಕ್ಕೆ ಮರದ ಅಂಟು, ಎರಡು ಹನಿ ನೀರು. ನೀರು ಒಂದು ಹನಿ ಹೆಚ್ಚಾದರೆ ಮುತ್ತು ಚಪ್ಪಟೆ, ಕಡಿಮೆಯಾದರೆ ಬಾಲ ಬಿಡುತ್ತದೆ. ಹಕ್ಕಿಯ ಗರಿಯ ಬುಡ ಕತ್ತರಿಸಿ ಮಾಡಿದ ಕೊಳವೆಯ ತುದಿಯಲ್ಲಿ ಹನಿ ತೂಗಬೇಕು. ಉಸಿರು ಕಟ್ಟಿ ಕೈ ಇಳಿಸಬೇಕು. ಹನಿ ತಾನಾಗಿ ಬೀಳಬೇಕು, ತಾನಾಗಿ ಉಬ್ಬಿ ದುಂಡಗಾಗಬೇಕು. ಬಿದ್ದ ಮೇಲೆ ಮುಗಿಯಿತು, ಎರಡನೇ ಸಲ ಮುಟ್ಟುವ ಹಾಗಿಲ್ಲ. ಅರ್ಧ ದಿನ ಒಣಗಿದರೆ ಕಲ್ಲಿನಂತೆ ಗಟ್ಟಿ. ದೀಪ ಹಿಡಿದರೆ ಮಿನುಗುತ್ತದೆ, ಬೆರಳಾಡಿಸಿದರೆ ತಾಗುತ್ತದೆ.

ಎಳೆಗಳಿಗೆ ಲೆಕ್ಕವಿತ್ತು. ದೊರೆಗೆ ಏಳು, ದೊರೆಯ ತಮ್ಮ ಚಿಕ್ಕದೊರೆಗೆ ಐದು, ಮಂತ್ರಿಗೆ ಮೂರು, ದಂಡನಾಯಕನಿಗೆ ಒಂದು. ಅದರ ಕೆಳಗಿನವರು ಮುತ್ತಿನ ಕನಸನ್ನೂ ಕಾಣುವಂತಿರಲಿಲ್ಲ.

ಇದೇನು ಹುಡುಗಾಟವಲ್ಲ. ಆ ನಾಡಿನ ಮುಕ್ಕಾಲು ಪಾಲು ಜನ ದೊರೆಯನ್ನು ಕಣ್ಣಾರೆ ಕಂಡವರೇ ಅಲ್ಲ. ಕಂಡ ನಾಲ್ಕು ಜನ ಬಾಯಿ ಬಿಡುತ್ತಿರಲಿಲ್ಲ, ಏಕೆಂದರೆ ದೊರೆ ಕುಳ್ಳ, ಕತ್ತು ಇದೆಯೋ ಇಲ್ಲವೋ ಎಂದು ಹುಡುಕಬೇಕು, ಧೂಳು ಕಂಡರೆ ಸಾಕು ಮೂರು ಸೀನು. ಚಿತ್ರದಲ್ಲಿ ಮಾತ್ರ ಅವನು ಹೆಬ್ಬಾಗಿಲಿನಷ್ಟು ಎತ್ತರ. ಭುಜ ಕೋಟೆಯ ಗೋಡೆ. ಆ ಚಿತ್ರಗಳು ನಲವತ್ತು ಊರಿನ ಕಚೇರಿಗಳಲ್ಲಿ ನೇತಾಡುತ್ತಿದ್ದವು. ಅಧಿಕಾರಿ ಕೂರುವ ಮೊದಲು ಚಿತ್ರಕ್ಕೆ ತಲೆ ಬಾಗಿಸಿ ಕೂರಬೇಕು. ಸುಳ್ಳು ಸಾಕ್ಷಿ ಹೇಳಲು ಬಂದವನು ಆ ಕಣ್ಣು ನೋಡಿ ತೊದಲುತ್ತಿದ್ದ. ದೊರೆ ಅರಮನೆಯಲ್ಲಿ ಸೀನುತ್ತ ಕೂತಿರುವಾಗ ಅವನ ಚಿತ್ರಗಳು ಊರೂರಲ್ಲಿ ರಾಜ್ಯಭಾರ ಮಾಡುತ್ತಿದ್ದವು! ಓದು ಬರಹ ಬಾರದವರಿಗೂ ಎಳೆ ಎಣಿಸಲು ಬರುತ್ತಿತ್ತು. ಎಷ್ಟು ಎಳೆಯೋ ಅಷ್ಟು ಬಗ್ಗಿ ನಮಸ್ಕರಿಸುತ್ತಿದ್ದರು. ಹಿಂದೊಮ್ಮೆ ಒಬ್ಬ ಚಿತ್ರಗಾರ ದಂಡನಾಯಕನ ಟೋಪಿಯ ಗರಿಯನ್ನು ಮಂತ್ರಿಯ ಗರಿಗಿಂತ ಒಂದು ಬೆರಳು ಉದ್ದ ಬರೆದುಬಿಟ್ಟಿದ್ದ. ಒಂದೇ ಬೆರಳು! ಹೆಂಡತಿ ಮಕ್ಕಳ ಸಮೇತ ಅವನನ್ನು ಗಡಿ ದಾಟಿಸಿದ್ದರು.

ಮುತ್ತಕ್ಕ ಈ ಕೆಲಸಕ್ಕೆ ಬಂದದ್ದು ಮದುವೆಯಾಗಿ ಬಂದ ಮಾರನೇ ದಿನ. ಆಗ ಮುತ್ತು ಇಡುತ್ತಿದ್ದವಳು ಅತ್ತೆ. ಸೊಸೆಯ ಕೈಗೆ ಸೌಟು ಕೊಡುವ ಬದಲು ಗರಿಯ ಕೊಳವೆ ಕೊಟ್ಟು, "ಅಡುಗೆ ಹೇಗೂ ಬರುತ್ತೆ, ಇದನ್ನ ಕಲಿ" ಎಂದಳು. ಮೊದಲ ವರ್ಷವೆಲ್ಲ ಒಡೆದ ಹಲಗೆಗಳ ಮೇಲೆ ಹನಿ ಬೀಳಿಸಿದ್ದೇ ಬೀಳಿಸಿದ್ದು. ಅತ್ತೆಯ ಕಣ್ಣು ಮಂಜಾಗುತ್ತ ಹೋದ ಹಾಗೆ ಸೊಸೆಯ ಕೈ ಪಳಗುತ್ತ ಬಂತು. ಈಗ ಅತ್ತೆಗೆ ಬಾಗಿಲು ಯಾವುದು ಕಿಟಕಿ ಯಾವುದು ಎನ್ನುವಷ್ಟು ಬೆಳಕು ಮಾತ್ರ ಕಾಣುತ್ತಿತ್ತು. ಆದರೂ ದಿನವೂ ಬರುತ್ತಿದ್ದಳು, ಒಣಗಿದ ಮುತ್ತುಗಳ ಮೇಲೆ ಬೆರಳಾಡಿಸುತ್ತಿದ್ದಳು, "ಮೂರನೇ ಎಳೇಲಿ ಎಂಟನೇದು ಸಣ್ಣಗಾಯ್ತು ಕಣೇ" ಎಂದು ಹುಳುಕು ಹಿಡಿಯುತ್ತಿದ್ದಳು. ಸರಿಯಾಗಿಯೇ ಹಿಡಿಯುತ್ತಿದ್ದಳು, ಅದೇ ಮುತ್ತಕ್ಕನಿಗೆ ಸಿಟ್ಟು.

ಮುತ್ತಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು. ಜೊತೆಗೊಂದು ಹಮ್ಮು: ಒಮ್ಮೆ ಹೇಳಿದ್ದನ್ನು ಅವಳು ಮತ್ತೆ ಕೇಳುತ್ತಿರಲಿಲ್ಲ. ಎರಡು ಸಲ ಕೇಳುವುದು ಕಿವುಡರ ಕೆಲಸ ಎನ್ನುತ್ತಿದ್ದಳು.

ಆ ವರ್ಷ ಚಿಕ್ಕದೊರೆ ಗಡಿಯ ಯುದ್ಧ ಗೆದ್ದು ಬಂದ. ಬೀದಿಗಳಲ್ಲಿ ಒಂದೇ ಗದ್ದಲ! ಎತ್ತರದ ಆಳು, ಹೊಳೆಯುವ ಕಣ್ಣು, ಸೈನಿಕರ ಜೊತೆ ಕೂತು ಉಣ್ಣುವವನು. ಜನ ಅವನನ್ನು ಹೊಗಳುವಾಗ ಅರಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸುತ್ತಿದ್ದರು. ಅಣ್ಣ ಜಾಣ. ಇಬ್ಬರ ಚಿತ್ರವೂ ಒಂದೇ ಅಳತೆಯಲ್ಲಿ ಬರೆಯಲಿ, ಮೂರು ರಾಜ್ಯದ ರಾಯಭಾರಿಗಳು ಬರುವ ದಿನ ಸಭಾಂಗಣದಲ್ಲಿ ಅಕ್ಕಪಕ್ಕ ತೂಗುಹಾಕಲಿ ಎಂದು ಅಪ್ಪಣೆ ಮಾಡಿದ. ಅಂದಮೇಲೆ ಗೆದ್ದು ಬಂದ ತಮ್ಮನಿಗೆ ಎಷ್ಟೆಳೆ? ಐದೇ ಇರುತ್ತದೆ ಎಂದು ಕೆಲವರು, ಆರಾಗುತ್ತದೆ ಎಂದು ಕೆಲವರು. ಚಿತ್ರಶಾಲೆಯಲ್ಲಿ ಅದೇ ಮಾತು.

ಮುತ್ತಕ್ಕ ಬಿಳಿ ಕಲಸಿ, ಕೂದಲು ಬಣ್ಣಕ್ಕೆ ಬೀಳದಂತೆ ತಲೆಗೆ ಬಟ್ಟೆ ಬಿಗಿದು, ಚಿಕ್ಕದೊರೆಯ ಹಲಗೆಯನ್ನು ಜಗಲಿಯ ಮೇಲೆ ಅಂಗಾತ ಇಟ್ಟುಕೊಂಡು ಕೂತಳು. ಪಕ್ಕದಲ್ಲಿ ಗಂಡ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದ, ಕಿವಿ ಕಿತ್ತುಹೋಗುವ ಸದ್ದು. ಮುಂದಿನ ಕೋಣೆಯಲ್ಲಿ ಮುಖದ ಮೇಸ್ತ್ರಿ ದೊರೆಯ ಹುಬ್ಬು ತಿದ್ದುತ್ತಿದ್ದ.

"ಮೇಸ್ತ್ರಿಗಳೇ! ಚಿಕ್ಕದೊರೆಗೆ ಈ ಸಲ ಎಷ್ಟೆಳೆ?" ಎಂದು ಕೂಗಿದಳು.

ಮೇಸ್ತ್ರಿ ಕಿಟಕಿಯಿಂದ ತಲೆ ಹಾಕಿದ. ಕಣ್ಣು ಇಷ್ಟಗಲ ಮಾಡಿ, "ಏಳು! ಏಳು!" ಎಂದ. ಅವನ ಬೆನ್ನ ಹಿಂದೆ ಅರಮನೆಯ ಕಾರಭಾರಿ ನಿಂತಿದ್ದ. ಮುತ್ತಕ್ಕ ಗಡಬಡಿಸಿ ಎದ್ದು ನಮಸ್ಕಾರ ಮಾಡಿದಳು. ಕಾರಭಾರಿ ಬಂದಷ್ಟೇ ಬೇಗ ಹೋದ. ಅವಳು ಮತ್ತೆ ಕೂತಳು.

ಏಳು! ಐದಲ್ಲ, ಆರೂ ಅಲ್ಲ, ದೊರೆಯ ಸಮ ಏಳು! ಅರಮನೆಯ ಕಾರಭಾರಿ ಬಂದು ಎದುರಿಗೇ ನಿಂತು ಹೇಳಿಸಿದ್ದಾನೆಂದರೆ ಅಣ್ಣನ ಮನಸ್ಸು ಅದೆಷ್ಟು ದೊಡ್ಡದಿರಬೇಕು ಎಂದುಕೊಂಡಳು. ಮೈ ಜುಮ್ಮೆಂದಿತು. ಮೂರು ದಿನ ತಲೆ ಎತ್ತದೆ ಮುತ್ತು ಸುರಿದಳು. ಅಂಥ ಕೆಲಸ ಅವಳ ಕೈಯಲ್ಲಿ ಹಿಂದೆಂದೂ ಬಂದಿರಲಿಲ್ಲ. ಮುಗಿಸಿ, ಧೂಳು ಕೂರದಂತೆ ಬಟ್ಟೆ ಮುಚ್ಚಿಟ್ಟಳು.

ಸಭೆಯ ದಿನ ಬೆಳಿಗ್ಗೆ ಅತ್ತೆ ಗೋಡೆ ಹಿಡಿದುಕೊಂಡು ಬಂದಳು. ಬಟ್ಟೆ ಸರಿಸಿ ಬೆರಳಾಡಿಸಿದಳು. ಕತ್ತಿನಿಂದ ಸೊಂಟದವರೆಗೆ, ಸೊಂಟದಿಂದ ಕತ್ತಿನವರೆಗೆ. ಮುಖ ಅರಳಿತು.

"ಅಬ್ಬಾ! ಈ ಸಲ ನನ್ನನ್ನೂ ಮೀರಿಸಿದೆ ಬಿಡು. ದೊರೆಗೆ ಒಪ್ಪುವಂಥ ಕೆಲಸ."

"ಇದು ದೊರೇದಲ್ಲ ಅತ್ತೆ, ಚಿಕ್ಕದೊರೇದು."

ಬೆರಳು ನಿಂತಿತು. "ಏನಂದೆ? ಏಳೆಳೆ ಇದೆಯಲ್ಲೇ!"

"ಹೂಂ. ಮೇಸ್ತ್ರಿಗಳೇ ಏಳು ಅಂದ್ರು. ಒಂದು ಸಲ ಅಲ್ಲ, ಎರಡು ಸಲ. ಕಾರಭಾರಿಗಳ ಎದುರಿಗೇ!"

ಅತ್ತೆ ಅಲ್ಲಿಂದಲೇ ಕೂಗು ಹಾಕಿದಳು, "ಏನಪ್ಪಾ ಮೇಸ್ತ್ರಿ, ಚಿಕ್ಕದೊರೆಗೆ ಏಳೆಳೆ ಅಂತ ಹೇಳಿದ್ಯಾ?"

ಮೇಸ್ತ್ರಿ ಕುಂಚ ಹಿಡಿದುಕೊಂಡೇ ಓಡಿಬಂದ. ಹಲಗೆ ನೋಡಿದ. ಒಂದು, ಎರಡು, ಮೂರು ಎಂದು ಎಣಿಸುತ್ತ ಹೋದವನ ಕೈಯಿಂದ ಏಳಕ್ಕೆ ಕುಂಚ ಕೆಳಗೆ ಬಿತ್ತು.

"ನಾನೆಲ್ಲಿ ಹೇಳಿದೆ? ಯಾವಾಗ ಹೇಳಿದೆ?"

"ಕಿಟಕೀಲಿ ತಲೆ ಹಾಕಿ ಏಳು ಏಳು ಅನ್ನಲಿಲ್ವಾ? ಎಷ್ಟೆಳೆ ಅಂತ ಕೇಳಿದ್ದಕ್ಕೆ?"

ಮೇಸ್ತ್ರಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಅಯ್ಯೋ ನಿನ್ನ! ಆ ಸುತ್ತಿಗೆ ಸದ್ದಲ್ಲಿ ನೀನೇನು ಕೇಳಿದ್ಯೋ ಯಾರಿಗೆ ಗೊತ್ತು? ಕಾರಭಾರಿ ಬಂದ್ರು, ಕೂತೇ ಇದ್ದೀಯಲ್ಲಾ ಅಂತ ಏಳು ಅಂದೆ! ಎದ್ದೇಳು ಅಂದೆ! ಎದ್ದು ನಿಲ್ಲು ಅಂದೆ ಮಾರಾಯ್ತಿ!"

ಗಂಡನ ಬಾಯಲ್ಲಿದ್ದ ಮೊಳೆಗಳು ಒಂದೊಂದಾಗಿ ನೆಲಕ್ಕುದುರಿದವು.

ಮುತ್ತಕ್ಕನ ಬಾಯಿ ಮಾತ್ರ ಸೋಲಲಿಲ್ಲ. "ಹಾಗಾದ್ರೆ ಏಳಮ್ಮಾ ಅನ್ನಬೇಕಿತ್ತು! ಒಂದು 'ಅಮ್ಮಾ' ಸೇರಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಈಗ ಗಂಟೂ ಹೋಯ್ತು, ಗಂಟು ಹೊರೋ ಬೆನ್ನೂ ಹೋಯ್ತು! ಯುದ್ಧ ಗೆದ್ದ ತಮ್ಮನಿಗೆ ಅಣ್ಣನ ಸಮ ಏಳೆಳೆ! ಮೂರು ರಾಜ್ಯದವರ ಮುಂದೆ! ಸಿಂಹಾಸನಕ್ಕೆ ಇಬ್ಬರು ಅಂತ ನಾವೇ ಸಾರಿದ ಹಾಗಾಯ್ತು. ಗರಿ ಒಂದು ಬೆರಳು ಉದ್ದ ಆಗಿದ್ದಕ್ಕೆ ಗಡಿ ದಾಟಿಸಿದ್ರು. ಇದಕ್ಕೆ ಏನು ಮಾಡ್ತಾರೆ? ಬಿಸಿಲು ಇಳಿಯೋ ಹೊತ್ತಿಗೆ ಸಭೆ!"

ಕೆರೆದು ತೆಗೆದರೆ? ಮೂಲೆಯ ಒಂದು ಮುತ್ತನ್ನು ಉಗುರಿನಿಂದ ಎಬ್ಬಿಸಿ ನೋಡಿದರು. ಮುತ್ತಿನ ಜೊತೆ ಬಣ್ಣ ಬಂತು, ಬಣ್ಣದ ಜೊತೆ ಹಲಗೆಗೆ ಅಂಟಿಸಿದ್ದ ಬಟ್ಟೆಯೇ ಕಿತ್ತು ಬಂತು. ಅದನ್ನು ಹಾಗೇ ಒತ್ತಿ ಕೂರಿಸಿದರು. ಮೇಲೆ ಅಂಗಿಯ ಬಣ್ಣ ಬಳಿದರೆ? ಬಟ್ಟೆಯವನು ಬಂದು ನೋಡಿ, "ಚಿಕ್ಕದೊರೆಗೆ ಅಂಗಿ ಒಳಗೆ ಬೊಕ್ಕೆ ಎದ್ದ ಹಾಗೆ ಕಾಣುತ್ತೆ" ಎಂದ.

"ದೊರೆ ಕಾಲ ಹತ್ರ ನಾಯಿ ಕೂತಿದೆಯಲ್ಲ, ಅದಕ್ಕೂ ಮೂರೆಳೆ ಹಾಕಿಬಿಡೇ. ನಾಯಿಗೇ ಮುತ್ತು ಅಂದ್ಮೇಲೆ ದೊರೆ ದೊಡ್ಡವರೇ ಆದ್ರಲ್ಲ" ಎಂದ ಗಂಡ. ಹೆದರಿಕೆಯಾದಾಗಲೇ ಅವನಿಗೆ ತಮಾಷೆ ಹೆಚ್ಚು.

"ಮೂರೆಳೆ ಮಂತ್ರಿಗಳದು! ಮಂತ್ರಿಗಳೂ ನಾಯೀನೂ ಒಂದೇ ಸಾಲಲ್ಲಿ ನಿಂತ್ಕೊಬೇಕಾ? ಸುಮ್ನಿರ್ರೀ ನೀವು!" ಎಂದು ಗದರಿದವಳು, ತಟಕ್ಕನೆ ಮಾತು ನಿಲ್ಲಿಸಿದಳು. "ದೊರೆ ಕಾಲ ಹತ್ರ ಅಂದ್ರಾ?"

ಎದ್ದು ಮುಂದಿನ ಕೋಣೆಗೆ ಓಡಿದಳು. ದೊರೆಯ ಚಿತ್ರ ಸಿದ್ಧವಾಗಿ ನಿಂತಿತ್ತು. ಎದೆಯ ಮೇಲೆ ಏಳೆಳೆ ಒತ್ತೊತ್ತಾಗಿ ತುಂಬಿದ್ದವು, ಇನ್ನೊಂದು ಎಳೆಗೆ ಸಾಸಿವೆಯಷ್ಟೂ ಜಾಗವಿರಲಿಲ್ಲ. ಕೆಳಗೆ ನಿಲುವಂಗಿಯ ಅಂಚು, ಅಂಚಿನ ಕೆಳಗೆ ಎರಡು ಕಂದು ಪಾದರಕ್ಷೆ, ಬೋಳು ಬೋಳಾಗಿ. ಮುತ್ತಕ್ಕ ಚಿತ್ರದ ಮುಂದೆ ಮಂಡಿಯೂರಿ ಕೂತಳು.

"ಮೇಸ್ತ್ರಿಗಳೇ, ಸಭಾಂಗಣದಲ್ಲಿ ಚಿತ್ರ ಎಷ್ಟು ಎತ್ತರದಲ್ಲಿ ತೂಗುಹಾಕ್ತಾರೆ?"

"ಎತ್ತರದಲ್ಲೇ. ನಾನೇ ಏಣಿ ಹತ್ತಿ ನೋಡ್ತೀನಲ್ಲ."

"ಅದೇ ನೋಡಿ! ನೀವು ಏಣಿ ಹತ್ತಿ ನೋಡೋರು, ಮುಖ ನೋಡ್ತೀರ. ನಾವು ವರ್ಷಕ್ಕೊಂದು ಸಲ ನಮಸ್ಕಾರ ಹಾಕೋಕೆ ಹೋಗೋರು. ಬಗ್ಗಿ ತಲೆ ಎತ್ತಿದ್ರೆ ಮೂಗಿನ ನೇರಕ್ಕೆ ದೊರೆ ಚಪ್ಪಲಿ! ಹತ್ತು ವರ್ಷದಿಂದ ಆ ಚಪ್ಪಲಿ ನೋಡ್ತಿದ್ದೀನಿ, ಮುಖ ಹೇಗಿದೆ ಅಂತ ಈ ಕೋಣೇಲೇ ನೋಡಿದ್ದು. ರಾಯಭಾರಿಗಳು ಬಂದ್ರೂ ಬಗ್ಗೇ ಬಗ್ತಾರೆ, ಅವರಿಗೂ ಮೊದಲು ಕಾಣೋದು ಚಪ್ಪಲೀನೇ."

"ಅದಕ್ಕೆ?"

"ಇಳಿಸೋಕೆ ಆಗಲ್ಲ, ಏರಿಸೋಣ. ಒಂದೊಂದು ಚಪ್ಪಲಿಗೂ ಏಳೇಳು ಸಾಲು ಮುತ್ತು. ತಮ್ಮ ಎದೆ ಮೇಲೆ ಹಾಕಿರೋದು ಅಣ್ಣನ ಕಾಲಲ್ಲಿ ಬಿದ್ದಿದೆ ಅಂದ್ರೆ ಯಾರು ದೊಡ್ಡೋರು ಅಂತ ಯಾರಾದ್ರೂ ಕೇಳ್ತಾರಾ?"

ಬಟ್ಟೆಯವನು ಮುಂದೆ ಬಂದ. "ಅದು ನಾನು ಬರೆದ ಚಪ್ಪಲಿ!"

"ನಿನ್ನ ಚಪ್ಪಲಿ ನಿನ್ನ ಕಾಲಲ್ಲಿದೆ. ಇದು ದೊರೇದು. ಸರಿ ಆಚೆಗೆ!"

"ಚಿಕ್ಕದೊರೆಗೆ ಅವಮಾನ ಆಯ್ತು ಅಂತ ಕೋಪ ಬಂದ್ರೆ?" ಗಂಡ ಕೇಳಿದ.

"ಅವರು ಮೊದಲು ತಮ್ಮ ಎದೆ ನೋಡ್ಕೊಳ್ತಾರೆ. ಏಳೆಳೆ ಕಂಡ ಮೇಲೆ ಅಣ್ಣನ ಕಾಲು ಯಾರಿಗೆ ಬೇಕು?"

ಬೇರೆ ದಾರಿ ಮೇಸ್ತ್ರಿಗೂ ಹೊಳೆಯಲಿಲ್ಲ. "ಮಾಡು" ಎಂದ.

ದೊರೆಯನ್ನು ಜಗಲಿಯ ಮೇಲೆ ಅಂಗಾತ ಮಲಗಿಸಿದರು. ಅತ್ತೆ ಸಿಪ್ಪಿಯ ಬಿಳಿ ಅರೆದು ಕೊಟ್ಟಳು, ಹದ ಬೆರಳಿಗೆ ಗೊತ್ತಿತ್ತು. ಮುತ್ತಕ್ಕ ಕೂತಳು ನೋಡಿ, ಆಹಾ! ಕೊಳವೆ ಇಳಿಯಿತು, ಹನಿ ಬಿತ್ತು, ಉಬ್ಬಿತು. ಇಳಿಯಿತು, ಬಿತ್ತು, ಉಬ್ಬಿತು. ಎಡಗಾಲ ಮೂತಿಯಿಂದ ಹಿಮ್ಮಡಿಯ ಕಡೆಗೆ ಸಾಲು ಹರಿಯಿತು. ಎಳ್ಳಿನಷ್ಟು ಸಣ್ಣ ಮುತ್ತು, ಆದರೆ ಒಂದಕ್ಕೊಂದು ಅಳೆದಿಟ್ಟ ಹಾಗೆ. ಕೈ ನಡುಗಿದರೆ ಸಂಸಾರವೇ ಗಡಿಯಾಚೆ ಎಂದು ಗೊತ್ತಿದ್ದೂ ಕೈ ನಡುಗಲಿಲ್ಲ. ಹೆದರಿಕೆಯೆಲ್ಲ ಎಲ್ಲಿ ಹೋಯಿತೋ, ಮೈಯಲ್ಲಿ ಒಂದು ಹುರುಪು ಹೊಕ್ಕಿತ್ತು. ಎಡಗಾಲು ಮುಗಿಸಿ ಬಲಗಾಲಿಗೆ ಬಂದಾಗ ಅವಳು ಬಾಯೊಳಗೇ ಏನೋ ಗುನುಗುತ್ತಿದ್ದಳು. ಕಡೆಯ ಹನಿ ಬಿದ್ದಾಗ ಸೂರ್ಯ ನೆತ್ತಿಯಿಂದ ಜಾರಿದ್ದ, ಹೊರಗೆ ಹೊರುವ ಆಳುಗಳು ಬಂದು ನಿಂತಿದ್ದರು.

ಆಗ ಬಂತು ಇನ್ನೊಂದು ಇಕ್ಕಟ್ಟು. ಹನಿಗಳು ಇನ್ನೂ ಹಸಿ. ಹಲಗೆಯನ್ನು ನೆಟ್ಟಗೆ ನಿಲ್ಲಿಸಿದರೆ ಮುತ್ತೆಲ್ಲ ಬೆವರಿನಂತೆ ಇಳಿದುಹೋಗುತ್ತವೆ.

"ಹೀಗೇ ಮಲಗಿಸಿಕೊಂಡು ಹೋಗಿ" ಎಂದಳು ಮುತ್ತಕ್ಕ.

ಹೊರುವವರ ಹಿರಿಯ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ತಾಯೀ, ದೊರೇನ ಮಲಗಿಸಿ ನಾಲ್ಕು ಜನ ಹೆಗಲ ಮೇಲೆ ಹೊರೋದಾ? ಬೀದೀಲಿ ನೋಡಿದೋರು ಏನಂತಾರೆ? ದೊರೆ ಹೋಗ್ಬಿಟ್ರು ಅಂತ ಅಳೋಕೆ ಶುರು ಮಾಡ್ತಾರೆ!"

ಮಾತು ನಿಜ. ಹೆಣ ಮಾತ್ರ ಹಾಗೆ ಹೋಗುವುದು. ನಿಲ್ಲಿಸುವಂತಿಲ್ಲ, ಮಲಗಿಸುವಂತಿಲ್ಲ. ಮೇಸ್ತ್ರಿ ಮೆಟ್ಟಿಲ ಮೇಲೆ ಕುಸಿದು ಕೂತ. ಈ ಸಲ ದಾರಿ ತೋರಿಸಿದ್ದು ಗಂಡ. "ಪಲ್ಲಕ್ಕೀಲಿ ದೊರೆ ಹೇಗೆ ಕೂರ್ತಾರೆ? ನೆಟ್ಟಗಾ? ದಿಂಬಿಗೆ ಒರಗಿ! ಚಿತ್ರಾನೂ ಒರಗಿಸಿ ಕೂರಿಸೋಣ. ಅರ್ಧ ಮಲಗಿದ ಹಾಗೆ, ಅರ್ಧ ಕೂತ ಹಾಗೆ."

"ಏನ್ರೀ, ನಿಮಗೂ ಬುದ್ಧಿ ಇದೆಯಲ್ರೀ!" ಎಂದಳು ಮುತ್ತಕ್ಕ. ಮದುವೆಯಾದ ಮೇಲೆ ಅವನು ಕೇಳಿದ ಅತಿ ದೊಡ್ಡ ಹೊಗಳಿಕೆ ಅದು.

ಅರಮನೆಯ ಪಲ್ಲಕ್ಕಿ ತರಿಸಿ, ಕೆಳಗೆ ದಿಂಬು ಒತ್ತಿ, ದೊರೆಯನ್ನು ಒರಗಿಸಿದರು. ಬಿಸಿಲು ಕಾಲ ಮೇಲೆ ಬೀಳಲಿ ಎಂದು ಪರದೆ ತೆರೆದಿಟ್ಟರು. ಚಿಕ್ಕದೊರೆಯ ಚಿತ್ರಕ್ಕೆ ಬಟ್ಟೆ ಮುಚ್ಚಿ ಹಿಂದೆ ನಿಲ್ಲಿಸಿಕೊಂಡು ಹೊರಟರು. ಮುತ್ತಕ್ಕ ಪಲ್ಲಕ್ಕಿಯ ಪಕ್ಕದಲ್ಲೇ ಹೆಜ್ಜೆ ಹಾಕಿದಳು. "ಮೆಲ್ಲಗೆ! ಕುಲುಕಬೇಡಿ! ಕಲ್ಲಿದೆ ನೋಡ್ಕೊಳ್ಳಿ!"

ಅರಮನೆ ಸುತ್ತಿ ಮುಂಬಾಗಿಲಿಗೆ ಹೋಗುವ ಪೇಟೆ ಬೀದಿಗೆ ಬಂದರೋ ಇಲ್ಲವೋ, ನೊಣಗಳು! ಹಸಿ ಅಂಟಿನ ವಾಸನೆಗೆ ಎಲ್ಲಿದ್ದವೋ ಎಲ್ಲ ಬಂದವು. ಒಂದು ನೊಣ ಬಲಗಾಲ ಹೆಬ್ಬೆರಳಿನ ಮುತ್ತಿನ ಮೇಲೆ ಕೂರುವುದರಲ್ಲಿತ್ತು. ಮುತ್ತಕ್ಕ ತಲೆಯ ಬಟ್ಟೆ ಕಿತ್ತು ಬೀಸತೊಡಗಿದಳು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಕೂದಲು ಬಿಚ್ಚಿ ಹಾರುತ್ತಿದೆ, ಮುಖ ಕೆಂಪಾಗಿದೆ, ಕೈ ನಿಲ್ಲುತ್ತಿಲ್ಲ. ಅಂಗಡಿಯವರು ಎದ್ದು ನಿಂತರು. ಪರದೆ ತೆರೆದ ಪಲ್ಲಕ್ಕಿಯಲ್ಲಿ ಒರಗಿ ಕೂತ ದೊರೆ! ಕಾಲಲ್ಲಿ ಮುತ್ತು! ಪಕ್ಕದಲ್ಲಿ ಚಾಮರ ಬೀಸುವವಳು! ಒಬ್ಬ ಬಗ್ಗಿದ, ಅವನನ್ನು ನೋಡಿ ಹತ್ತು ಜನ ಬಗ್ಗಿದರು, ಹತ್ತು ಜನರನ್ನು ನೋಡಿ ಬೀದಿಗೆ ಬೀದಿಯೇ ಬಗ್ಗಿತು. ಜೈಕಾರ ಎದ್ದಿತು. ಮುತ್ತಕ್ಕನಿಗೆ ಅದು ಯಾವುದೂ ಕೇಳಲಿಲ್ಲ. "ಥೂ, ಹೋಗು! ಹೋಗಾಚೆ!" ಎಂದು ನೊಣಗಳನ್ನು ಬೈಯುತ್ತಿದ್ದಳು. ಮಂತ್ರ ಹೇಳುತ್ತಿದ್ದಾಳೆಂದು ಜನ ಇನ್ನಷ್ಟು ಬಗ್ಗಿದರು.

ಅರಮನೆಯ ಬಾಗಿಲಲ್ಲಿ ಅವಳು ಉಗುರಿನ ಹಿಂಬದಿಯಿಂದ ಒಂದು ಮುತ್ತನ್ನು ತಟ್ಟಿ ನೋಡಿದಳು. ಟಕ್ ಎಂದಿತು. ಗಟ್ಟಿ! ಬಿಸಿಲೂ ಗಾಳಿಯೂ ಅರ್ಧ ದಿನದ ಕೆಲಸವನ್ನು ದಾರಿಯಲ್ಲೇ ಮುಗಿಸಿದ್ದವು.

ಸಭಾಂಗಣ ಕಿಕ್ಕಿರಿದಿತ್ತು. ಎರಡೂ ಚಿತ್ರ ಗೋಡೆಗೇರಿದವು. ಚಿತ್ರಶಾಲೆಯವರು ಹಿಂದಿನ ಕಂಬದ ಬಳಿ ನಿಂತರು. ಮೊದಲು ಚಿಕ್ಕದೊರೆಯ ಮೇಲಿನ ಬಟ್ಟೆ ಸರಿಯಿತು.

ಸಭೆಯ ಉಸಿರು ನಿಂತಿತು. ಕಣ್ಣುಗಳು ಎಣಿಸುವುದು ಮುತ್ತಕ್ಕನಿಗೆ ಕಾಣುತ್ತಿತ್ತು. ಮಂತ್ರಿಯ ತುಟಿ ಅಲುಗುತ್ತಿತ್ತು: ಐದು, ಆರು, ಏಳು. ಚಿಕ್ಕದೊರೆ ಬೆಳ್ಳಗಾದ. ಅವನ ಹಿಂದಿದ್ದ ಸೈನಿಕರು ಒಬ್ಬರ ಮುಖ ಒಬ್ಬರು ನೋಡಿ ಎದೆ ಉಬ್ಬಿಸಿದರು. ಸಿಂಹಾಸನದ ಮೇಲೆ ದೊರೆ ಅಲುಗಲಿಲ್ಲ. ಮೇಸ್ತ್ರಿ ಮುತ್ತಕ್ಕನ ತೋಳು ಹಿಡಿದ ಹಿಡಿತಕ್ಕೆ ಮೂಳೆ ಮುರಿಯಬೇಕು.

ಆಮೇಲೆ ದೊರೆಯ ಚಿತ್ರದ ಬಟ್ಟೆ ಸರಿಯಿತು. ರಾಯಭಾರಿಗಳು ಮುಂದೆ ಬಂದು ಬಗ್ಗಿದರು, ತಲೆ ಎತ್ತಿದರು. ಎತ್ತಿದವರು ಹಾಗೇ ನಿಂತರು. ಮೂವರ ಮೂಗಿನ ನೇರಕ್ಕೂ ಹದಿನಾಲ್ಕು ಸಾಲು ಮುತ್ತು ದೀಪದ ಬೆಳಕಿಗೆ ಮಿನುಗುತ್ತಿತ್ತು.

ಹಿರಿಯ ರಾಯಭಾರಿ ತನ್ನ ಜೊತೆ ಬಂದಿದ್ದ ಬರಹಗಾರನ ಕಡೆ ತಿರುಗಿದ. ಮೆಲ್ಲಗೆ ಹೇಳಿದ ಮಾತೂ ಆ ಮೌನದಲ್ಲಿ ಎಲ್ಲರಿಗೂ ಕೇಳಿತು. "ಬರ್ಕೋ. ನಮ್ಮ ದೊರೆ ಎದೆ ಮೇಲೆ ಹಾಕ್ಕೊಳ್ಳೋದನ್ನ ಇಲ್ಲಿ ಕಾಲಿಗೆ ಮೆಟ್ತಾರೆ. ತಮ್ಮನಿಗೆ ಏಳೆಳೆ ಕೊಟ್ಟ ಮೇಲೂ ಅಣ್ಣನಿಗೆ ಇಷ್ಟು ಮಿಕ್ಕಿದೆ."

ದೊರೆ ಒಮ್ಮೆ ಚಿತ್ರದ ಕಾಲು ನೋಡಿದ, ಒಮ್ಮೆ ತನ್ನ ಕಾಲು ನೋಡಿಕೊಂಡ. ಬೋಳು ಚಪ್ಪಲಿಗಳನ್ನು ನಿಲುವಂಗಿಯೊಳಗೆ ಎಳೆದುಕೊಂಡ. ಮೂರು ಸಲ ಸೀನಿದ. ಇಳಿದು ಬಂದು ಕಂಬದ ಬಳಿ ನಿಂತು ಕೇಳಿದ, "ಮುತ್ತು ಇಟ್ಟ ಕೈ ಯಾವುದು?"

ಮೇಸ್ತ್ರಿ ಬೆರಳು ತೋರಿಸಿದ. ಅಷ್ಟು ಹತ್ತಿರ ನಿಂತಾಗ ದೊರೆ ಮುತ್ತಕ್ಕನ ಭುಜಕ್ಕೆ ಬರುತ್ತಿದ್ದ. ಅವಳ ಉಗುರುಗಳಲ್ಲಿ ಇನ್ನೂ ತೊಳೆಯದೆ ಉಳಿದ ಬಿಳಿಯನ್ನು ನೋಡಿದ. ಇವತ್ತಿನ ಬಿಳಿ. ದನಿ ತಗ್ಗಿಸಿದ.

"ಚಪ್ಪಲಿ ಮುತ್ತು ಇವತ್ತಿಂದು. ತಮ್ಮನ ಏಳು, ತಪ್ಪಿ ಬಿದ್ದಿದ್ದು. ಅಲ್ವಾ?"

ಸುಳ್ಳು ಹೇಳಲು ಅವಳಿಗೆ ಹೊಳೆಯಲೇ ಇಲ್ಲ. "ಹೌದು ಪ್ರಭು. ಕಿವಿ ತಪ್ಪಾಯ್ತು."

"ಎರಡೆಳೆ ತೆಗೆದುಹಾಕಬಹುದಿತ್ತಲ್ಲ?"

"ಆಗಲ್ಲ ಪ್ರಭು. ಕೂತ ಮುತ್ತನ್ನ ಎಬ್ಬಿಸೋಕೆ ಹೋದ್ರೆ ಕೆಳಗಿನ ಬಟ್ಟೇನೇ ಹರಿದು ಬರುತ್ತೆ. ನೋಡೇ ಬಿಟ್ವಿ."

ದೊರೆ ತಿರುಗಿ ತಮ್ಮನನ್ನು ನೋಡಿದ, ತಮ್ಮನ ಹಿಂದೆ ಎದೆಯುಬ್ಬಿಸಿ ನಿಂತ ಸಾಲು ಸಾಲು ಸೈನಿಕರನ್ನು ನೋಡಿದ. ಅವಳ ಮಾತನ್ನು ನಾಲಗೆಯ ಮೇಲಿಟ್ಟು ರುಚಿ ನೋಡುವವನಂತೆ, "ಹರಿಯುತ್ತೆ, ಹರಿಯುತ್ತೆ" ಎಂದುಕೊಂಡ. ಆಮೇಲೆ ಕಮಾನುಗಳು ಗುಡುಗುವಂಥ ದನಿಯಲ್ಲಿ, ಆ ಕುಳ್ಳ ದೇಹದಲ್ಲಿ ಅದೆಲ್ಲಿತ್ತೋ ಆ ದನಿ, ಹೇಳಿದ:

"ನಮ್ಮ ತಮ್ಮ ಏಳೆಳೆಗೆ ತಕ್ಕವನು. ನಾವೇ ಕೊಟ್ಟಿದ್ದೇವೆ!"

ಚಿಕ್ಕದೊರೆ ಬಂದು ಅಣ್ಣನ ಮುಂದೆ ಮಂಡಿಯೂರಿದ. ಅವನ ಕಣ್ಣಲ್ಲಿ ನೀರಿತ್ತು. ಸೈನಿಕರೆಲ್ಲ ಧಡ್ ಎಂದು ಒಟ್ಟಿಗೆ ಮಂಡಿಯೂರಿದರು. ಸಭಾಂಗಣ ಜೈಕಾರದಿಂದ ಬಿರಿಯಿತು. ಮೇಸ್ತ್ರಿ ಮುತ್ತಕ್ಕನ ತೋಳು ಬಿಟ್ಟು ಕಂಬವನ್ನು ತಬ್ಬಿಕೊಂಡ.

ಕಾರಭಾರಿ ಅಲ್ಲೇ ಬಂದು ಅಪ್ಪಣೆ ಮುಟ್ಟಿಸಿದ: ನಲವತ್ತು ಊರಿನ ನಲವತ್ತು ಚಿತ್ರವೂ ಚಿತ್ರಶಾಲೆಗೆ ವಾಪಸು ಬರುತ್ತವೆ, ಎಲ್ಲದರ ಪಾದರಕ್ಷೆಗೂ ಮುತ್ತು ಬೀಳಬೇಕು, ಇಡುವ ಕೈ ಇದೇ ಆಗಿರಬೇಕು.

ಮುತ್ತಕ್ಕ ಬೀದಿಯುದ್ದಕ್ಕೂ ಓಡಿಕೊಂಡೇ ಮನೆಗೆ ಬಂದಳು. ಅತ್ತೆ ಹೊಸ್ತಿಲಲ್ಲಿ ಕೂತಿದ್ದಳು. ಬಟ್ಟೆಬರೆ ಎರಡು ಗಂಟು ಕಟ್ಟಿ ಪಕ್ಕದಲ್ಲಿಟ್ಟುಕೊಂಡಿದ್ದಳು.

"ಗಡಿ ಯಾವ ಕಡೆ ಅಂದ್ರು?"

"ಗಂಟು ಬಿಚ್ಚಿ ಅತ್ತೆ! ಎಂಬತ್ತು ಚಪ್ಪಲಿ ಇದೆ! ಎಂಬತ್ತು! ಸಿಪ್ಪಿ ಎಷ್ಟಿದೆ ಮನೇಲಿ?"

ಮಾರನೇ ಬೆಳಿಗ್ಗೆ ಜಗಲಿಯಲ್ಲಿ ಮೊದಲ ಊರಿನ ಚಿತ್ರ ಮಲಗಿತ್ತು. ಅವಳು ಕೊಳವೆ ಎತ್ತುವಷ್ಟರಲ್ಲಿ ಅರಮನೆಯ ಚಮ್ಮಾರ ಬಗಲಲ್ಲಿ ಚರ್ಮದ ಸುರುಳಿ, ಕೈಯಲ್ಲಿ ನಿಜವಾದ ಮುತ್ತಿನ ಚೀಲ ಹಿಡಿದುಕೊಂಡು ಬುಸುಗುಟ್ಟುತ್ತ ಬಂದ. ಚಿತ್ರಕ್ಕಿಂತ ಕಡಿಮೆಯಾಗಿ ಇನ್ನು ಮೇಲೆ ಯಾರ ಕಣ್ಣಿಗೂ ಬೀಳುವಂತಿಲ್ಲವೆಂದು ದೊರೆ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದನಂತೆ.

"ಏನಮ್ಮಾ! ನೀನು ಒಂದು ಮಧ್ಯಾಹ್ನ ಚುಕ್ಕೆ ಇಟ್ಟು ಎದ್ದುಹೋದೆ. ನಾನು ಅದನ್ನ ಚರ್ಮದ ಮೇಲೆ ಹೊಲಿಯೋಕೆ ಮೂರು ತಿಂಗಳು ಸೂಜಿ ಹಿಡೀಬೇಕು. ಅಲ್ಲೀವರೆಗೂ ದೊರೆ ಆಚೆ ಬರಲ್ವಂತೆ!"

"ಚುಕ್ಕೆ ಅಂದ್ಯಾ?" ಮುತ್ತಕ್ಕ ಕೊಳವೆ ಕೆಳಗಿಟ್ಟಳು. "ಇನ್ನೊಂದು ಸಲ ಅನ್ನು ನೋಡೋಣ!"

"ಸರಿ, ಮುತ್ತು. ಮುತ್ತೇ. ಬೆರಳ ಹತ್ರ ಸಾಲು ಹೇಗೆ ತಿರುಗಿಸಿದೆ, ಅದನ್ನಾದ್ರೂ ತೋರಿಸು ತಾಯಿ."

"ಕೂತ್ಕೋ ಇಲ್ಲಿ. ನೆರಳು ಬೀಳಿಸಬೇಡ. ನೋಡ್ಕೋ, ಹೀಗೆ" ಎಂದು ಅವಳು ಉಸಿರು ಕಟ್ಟಿ ಕೈ ಇಳಿಸಿದಳು.